ದವಡೆ, ನಿದ್ದೆ ಮತ್ತು ಪರದೆ: ಕುಡಿತ ಬಿಡಿಸಲು ನ್ಯೂರೋಫೀಡ್‌ಬ್ಯಾಕ್ ಬಳಸಿದ ಒಂದು ಪ್ರಕರಣ

"ಮೇಡಂ, ಈ ಮಷೀನ್ ಹಾಕಿಸಿಕೊಂಡ್ರೆ ಕುಡಿಯೋ ಆಸೆನೇ ಹೋಗುತ್ತಂತೆ, ಹೌದಾ?"

ಮೊದಲ ದಿನ ಕುರ್ಚಿಯಲ್ಲಿ ಕೂರುವ ಮುಂಚೆಯೇ ಅವರು ಕೇಳಿದ ಪ್ರಶ್ನೆ ಇದು. ಹೌದು ಅನ್ನಲು ನನಗೆ ಮನಸ್ಸಾಗಲಿಲ್ಲ. ಇಲ್ಲ ಅಂದುಬಿಟ್ಟರೆ ಎದ್ದು ಹೋಗುತ್ತಾರೇನೋ ಅನ್ನಿಸಿತು. "ಆಸೆಯನ್ನು ಮಷೀನ್ ತೆಗೆಯಲ್ಲ. ಆಸೆ ಬರ್ತಾ ಇದೆ ಅಂತ ನಿಮಗೆ ಬೇಗ ಗೊತ್ತಾಗೋ ಹಾಗೆ ಕಲಿಸಬಹುದು, ನೋಡೋಣ" ಅಂದೆ. ಅವರ ಮುಖ ಸ್ವಲ್ಪ ಇಳಿಯಿತು. ಆದರೂ ಕೂತರು.

ಅವರು ಹೇಳಿದ ಮಷೀನ್ ನ್ಯೂರೋಫೀಡ್‌ಬ್ಯಾಕ್‌ನದು, ಅಂದರೆ ಮೆದುಳಿನ ಅಲೆಗಳನ್ನು ಆಗಿಂದಾಗಲೇ ಪರದೆಯ ಮೇಲೆ ತೋರಿಸಿ ತರಬೇತಿ ಕೊಡುವ ವಿಧಾನ. ಆ ಮನುಷ್ಯನ ಜೊತೆ ಕಳೆದ ಹದಿನಾಲ್ಕು ತಿಂಗಳ ವಿವರ ಇಲ್ಲಿದೆ. ಬರೆಯಲು ಅವರು ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ಈ ಚಿಕಿತ್ಸೆಯಲ್ಲಿ ನಾನು ಎರಡು ಸಲ ಪರದೆಯನ್ನು ತಪ್ಪಾಗಿ ಓದಿದೆ. ಆ ಎರಡು ತಪ್ಪುಗಳಿಂದ ಕಲಿತಷ್ಟು ಸರಿಯಾಗಿ ನಡೆದ ಸೆಷನ್‌ಗಳಿಂದ ಕಲಿಯಲಿಲ್ಲ. ಬರೆಯಬೇಕು ಅನ್ನಿಸಿದ್ದೂ ಅದಕ್ಕೇ.

ಬಂದಾಗ ಹೇಗಿದ್ದರು

ವಯಸ್ಸು 43. ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ಕೆಲಸ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ, ಮೂರು ವಾರಕ್ಕೊಮ್ಮೆ ರಾತ್ರಿ ಪಾಳಿ. ಕುಡಿಯಲು ಶುರು ಮಾಡಿದ್ದು ಇಪ್ಪತ್ತರ ಆಸುಪಾಸಿನಲ್ಲಿ. ದಿನಾ ಕುಡಿಯಲು ಶುರುವಾಗಿ ಒಂಬತ್ತು ವರ್ಷ. ರಾತ್ರಿ ಪಾಳಿ ಮುಗಿಸಿ ಬಂದು, ಬೆಳಕು ಹರಿದ ಮೇಲೆ ನಿದ್ದೆ ಬರಲಿ ಅಂತ ಕುಡಿಯುತ್ತಿದ್ದರಂತೆ. ಆಮೇಲೆ ಎಲ್ಲ ಪಾಳಿಗೂ ಅದೇ ಅಭ್ಯಾಸವಾಯಿತು. ನಮ್ಮ ಹತ್ತಿರ ಬರುವ ಹೊತ್ತಿಗೆ ದಿನಕ್ಕೆ 350ರಿಂದ 400 ಮಿಲಿಲೀಟರ್ ಕಡು ಮದ್ಯ.

ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಅದರಲ್ಲಿ ಗರಿಷ್ಠ ಅಂಕ 40. ಇಪ್ಪತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅವಲಂಬನೆ ಇರಬಹುದು ಅಂತ ಪೂರ್ತಿ ತಪಾಸಣೆ ಮಾಡಬೇಕು. ಇವರ ಅಂಕ 29. ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ 11 ಲಕ್ಷಣಗಳಲ್ಲಿ ಆರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೀವ್ರ ಸಮಸ್ಯೆ. ಇವರಿಗೆ ಎಂಟು ಇದ್ದವು.

ಮೂರು ಸಲ ಬಿಡಲು ನೋಡಿದ್ದರು. ಎರಡನೇ ಸಲ ಯಾರಿಗೂ ಹೇಳದೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದ್ದರು. ಮಾರನೆಯ ದಿನ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದರು. ಇಲ್ಲಿ ಒಂದು ಮಾತು ಹೇಳಲೇಬೇಕು. ವರ್ಷಗಟ್ಟಲೆ ದಿನಾ ಕುಡಿದವರು ಛಲ ಹಿಡಿದು ದಿಢೀರ್ ನಿಲ್ಲಿಸಬಾರದು. ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಭ್ರಮೆ, ಜ್ವರ, ದಿಕ್ಕುತೋಚದ ಸ್ಥಿತಿ ಬರಬಹುದು. ಪ್ರಾಣವೂ ಹೋಗಬಹುದು. ವೈದ್ಯರ ಕಣ್ಗಾವಲಿನಲ್ಲಿ ಬಿಟ್ಟರೆ ಇದನ್ನೆಲ್ಲ ಬಹುಪಾಲು ತಡೆಯಬಹುದು. ನ್ಯೂರೋಫೀಡ್‌ಬ್ಯಾಕ್‌ಗೆ ಈ ಹಂತದಲ್ಲಿ ಯಾವ ಕೆಲಸವೂ ಇಲ್ಲ.

ಹಾಗಾಗಿ ಮೊದಲು ಮನೋವೈದ್ಯರು ಅವರನ್ನು ದಾಖಲು ಮಾಡಿಕೊಂಡರು. ಥಯಮಿನ್, ಅಂದರೆ ಬಿ1 ವಿಟಮಿನ್ ಕೊಟ್ಟರು. ನರಗಳನ್ನು ಶಾಂತಗೊಳಿಸುವ ಬೆಂಜೊಡಯಾಜೆಪೀನ್ ಗುಂಪಿನ ಔಷಧಿ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾ ಹತ್ತು ದಿನದಲ್ಲಿ ನಿಲ್ಲಿಸಿದರು. ಯಕೃತ್ತಿನ ಪರೀಕ್ಷೆಯಲ್ಲಿ ಜಿಜಿಟಿ ಅನ್ನುವ ಕಿಣ್ವ ಸಾಕಷ್ಟು ಏರಿತ್ತು. ಹಂಬಲ ಕಡಿಮೆ ಮಾಡಲು ಅಕಾಂಪ್ರೊಸೇಟ್ ಶುರು ಮಾಡಿದರು. ಅದು ಯಕೃತ್ತಿನಲ್ಲಿ ಕರಗದೆ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ, ಹಾಗಾಗಿ ಇವರಿಗೆ ಹೊಂದುತ್ತಿತ್ತು. ವಾರಕ್ಕೊಮ್ಮೆ ಆಪ್ತಸಮಾಲೋಚನೆ, ವಾರಕ್ಕೊಮ್ಮೆ ಗುಂಪು ಸಭೆ. ಇಷ್ಟೆಲ್ಲ ನಡೆಯುತ್ತಿದ್ದಾಗ, ನಾಲ್ಕನೇ ವಾರದಲ್ಲಿ ನಾನು ನ್ಯೂರೋಫೀಡ್‌ಬ್ಯಾಕ್ ಸೇರಿಸಿದೆ. ಅಲ್ಲಿಯವರೆಗೆ ಕಾದದ್ದಕ್ಕೆ ಕಾರಣ ಇದೆ. ಬೆಂಜೊಡಯಾಜೆಪೀನ್ ಇಇಜಿಯಲ್ಲಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆಯಲ್ಲಿ, ಬೀಟಾ ಅನ್ನುವ ವೇಗದ ಅಲೆಗಳನ್ನು ಹೆಚ್ಚಿಸುತ್ತದೆ. ಆ ಸಮಯದಲ್ಲಿ ಅಳತೆ ತೆಗೆದರೆ ನೋಡುವುದು ಔಷಧಿಯನ್ನೋ ಮನುಷ್ಯನನ್ನೋ ಗೊತ್ತಾಗುವುದಿಲ್ಲ.

ಈ ಚಿಕಿತ್ಸೆ ಅಂದರೆ ಏನು

ನೆತ್ತಿಯ ಮೇಲೆ ಪೇಸ್ಟ್ ಹಚ್ಚಿ ಒಂದೆರಡು ಸೆನ್ಸರ್ ಅಂಟಿಸುತ್ತೇವೆ. ಕಿವಿಗೆ ಕ್ಲಿಪ್ ಹಾಕುತ್ತೇವೆ. ತಲೆಯೊಳಗೆ ಕರೆಂಟ್ ಏನೂ ಹರಿಸುವುದಿಲ್ಲ, ಮೆದುಳಿನಿಂದ ಬರುವ ಸಣ್ಣ ವಿದ್ಯುತ್ ಏರಿಳಿತವನ್ನು ಕೇಳಿಸಿಕೊಳ್ಳುತ್ತೇವೆ ಅಷ್ಟೆ. ಕಂಪ್ಯೂಟರ್ ಅದನ್ನು ವೇಗದ ಪ್ರಕಾರ ಬೇರ್ಪಡಿಸುತ್ತದೆ. ಸೆಕೆಂಡಿಗೆ 4ರಿಂದ 8 ಸಲ ಏರಿಳಿದರೆ ತೀಟಾ, 8ರಿಂದ 12 ಆಲ್ಫಾ, ಅದಕ್ಕಿಂತ ವೇಗವಾದರೆ ಬೀಟಾ. ನಮಗೆ ಬೇಕಾದ ಅಲೆ ಸ್ವಲ್ಪ ಹೆಚ್ಚಾದರೆ ಪರದೆಯ ಮೇಲಿನ ಚಿತ್ರ ಮುಂದೆ ಸಾಗುತ್ತದೆ, ಅಥವಾ ಒಂದು ಹಿತವಾದ ಶಬ್ದ ಬರುತ್ತದೆ. ಬೇಡದ ಅಲೆ ಹೆಚ್ಚಾದರೆ ನಿಲ್ಲುತ್ತದೆ. ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಮಗು ನಡೆಯಲು ಕಲಿಯುವ ಹಾಗೆ ಬಿದ್ದು ಎದ್ದು ದೇಹವೇ ಕಂಡುಕೊಳ್ಳುತ್ತದೆ.

ಮನುಷ್ಯರ ಮೆದುಳಿನ ಅಲೆಯನ್ನು 1924ರಲ್ಲಿ ಮೊದಲು ದಾಖಲಿಸಿದ್ದು ಜರ್ಮನಿಯ ಹಾನ್ಸ್ ಬರ್ಗರ್. 1950ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ಜೋ ಕಮಿಯಾ ಒಂದು ಸರಳ ಪ್ರಯೋಗ ಶುರು ಮಾಡಿದರು. ಕಣ್ಣು ಮುಚ್ಚಿ ಕೂತವರಿಗೆ ಕೇಳುವ ಹಾಗೆ ಆಗಾಗ ಗಂಟೆ ಬಾರಿಸುತ್ತಿದ್ದರು. ಈಗ ನಿಮ್ಮಲ್ಲಿ ಆಲ್ಫಾ ಇದೆಯೋ ಇಲ್ಲವೋ, ಊಹಿಸಿ ಅನ್ನುತ್ತಿದ್ದರು. ಊಹೆ ಸರಿಯೋ ತಪ್ಪೋ ಅಂತ ತಕ್ಷಣ ಹೇಳುತ್ತಿದ್ದರು. ಕೆಲವು ದಿನ ಕಳೆಯುವುದರೊಳಗೆ ಹಲವರು ಸರಿಯಾಗಿ ಹೇಳತೊಡಗಿದರು. ತಮ್ಮೊಳಗಿನ ಒಂದು ಸ್ಥಿತಿಯನ್ನು ಗುರುತಿಸಲು ಅವರು ಕಲಿತಿದ್ದರು. ಈ ಊಹೆಯ ಆಟ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕುಡಿತಕ್ಕೆ ಇದನ್ನು ಬಳಸಿ ಹೆಸರು ಮಾಡಿದ್ದು 1989ರಲ್ಲಿ ಅಮೆರಿಕದ ಯೂಜೀನ್ ಪೆನಿಸ್ಟನ್ ಮತ್ತು ಪಾಲ್ ಕುಲ್ಕೋಸ್ಕಿ. ಕಣ್ಣು ಮುಚ್ಚಿಸಿ ಆಲ್ಫಾ ಮತ್ತು ತೀಟಾ ಎರಡನ್ನೂ ಹೆಚ್ಚಿಸುವ ತರಬೇತಿ ಅವರದು. ಫಲಿತಾಂಶ ನೋಡಿದವರು ಬೆರಗಾದರು. ಆದರೆ ಅಲ್ಲಿ ಈ ತರಬೇತಿ ಪಡೆದ ವ್ಯಸನಿಗಳು ಹತ್ತೇ ಜನ. 2005ರಲ್ಲಿ ವಿಲಿಯಂ ಸ್ಕಾಟ್ ಮತ್ತು ಜೊತೆಗಾರರು 121 ಜನರ ಅಧ್ಯಯನ ಪ್ರಕಟಿಸಿದರು. ಎಲ್ಲರೂ ವಸತಿ ಚಿಕಿತ್ಸಾ ಕೇಂದ್ರದಲ್ಲಿದ್ದವರು, ಬೇರೆ ಬೇರೆ ವ್ಯಸನದವರು. ತರಬೇತಿ ಪೂರ್ತಿ ಮುಗಿಸಿದವರಲ್ಲಿ ಶೇಕಡಾ 77 ಜನ ಒಂದು ವರ್ಷದ ನಂತರವೂ ವ್ಯಸನದಿಂದ ದೂರ ಇದ್ದರು. ಹೋಲಿಕೆಯ ಗುಂಪಿನಲ್ಲಿ ಶೇಕಡಾ 44. ದೊಡ್ಡ ಅಂತರವೇ. ಆದರೆ ಆ ಗುಂಪಿಗೆ ಸುಳ್ಳು ಸಿಗ್ನಲ್ ಕೊಟ್ಟು ಹೋಲಿಸಿರಲಿಲ್ಲ. ಮಷೀನ್ ಮುಂದೆ ಕೂತ ನಂಬಿಕೆಯಿಂದ ಎಷ್ಟು, ಅಲೆ ಬದಲಾದದ್ದರಿಂದ ಎಷ್ಟು ಅಂತ ಅದರಿಂದ ಹೇಳಲಾಗದು. ಮಕ್ಕಳ ಎಡಿಎಚ್‌ಡಿಯಲ್ಲಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆಯಲ್ಲಿ, ಅಂಥ ಕಟ್ಟುನಿಟ್ಟಿನ ಪರೀಕ್ಷೆ ನಡೆದಿದೆ. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನಿಜ ತರಬೇತಿ ಪಡೆದವರೂ ಸುಧಾರಿಸಿದರು, ಸುಳ್ಳು ತರಬೇತಿ ಪಡೆದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದರು.

ಇದೆಲ್ಲ ಗೊತ್ತಿದ್ದೂ ಯಾಕೆ ಬಳಸುತ್ತೀರಿ ಅಂತ ಕೇಳಬಹುದು. ಔಷಧಿ ಮತ್ತು ಆಪ್ತಸಮಾಲೋಚನೆಯನ್ನು ಬಿಡಿಸದೆ, ಅದರ ಜೊತೆಗೆ ಮಾತ್ರ ಬಳಸುತ್ತೇನೆ. ತನ್ನ ದೇಹದಲ್ಲಿ ಏನಾಗುತ್ತಿದೆ ಅನ್ನುವುದು ಸ್ವಲ್ಪವೂ ಗೊತ್ತಾಗದವರಿಗೆ ಇದು ಒಂದು ಕನ್ನಡಿ ಆಗುತ್ತದೆ ಅಂತ ನನ್ನ ಅನುಭವ. ಇವರು ಅಂಥವರೇ. "ಕುಡಿಯೋ ಮುಂಚೆ ಏನನ್ನಿಸುತ್ತೆ?" ಅಂತ ಕೇಳಿದರೆ "ಏನೂ ಅನ್ನಿಸಲ್ಲ ಮೇಡಂ, ಸುಮ್ನೆ ಕುಡಿದಿರ್ತೀನಿ" ಅನ್ನುತ್ತಿದ್ದರು.

ಮೊದಲ ತಪ್ಪು: ದವಡೆ

ಮೊದಲ ಇಇಜಿಯಲ್ಲಿ ಕಣ್ಣು ಮುಚ್ಚಿದಾಗ ಬರಬೇಕಾದ ಆಲ್ಫಾ ತೀರಾ ಸಣ್ಣದಿತ್ತು. ವೇಗದ ಬೀಟಾ ಎಲ್ಲ ಕಡೆ ಜಾಸ್ತಿ. ದೀರ್ಘಕಾಲ ಕುಡಿದವರ ಗುಂಪುಗಳಲ್ಲಿ ಬೀಟಾ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾಗಬೇಕಿತ್ತು.

ಅವರು ವರದಿ ನೋಡಿ "ನಮ್ಮಪ್ಪನೂ ಕುಡೀತಿದ್ರು. ಇದು ರಕ್ತದಲ್ಲೇ ಬಂದಿದೆಯಾ?" ಅಂದರು. 1984ರಲ್ಲಿ ಹೆನ್ರಿ ಬೆಗ್ಲೈಟರ್, ಬರ್ನಿಸ್ ಪೊರ್ಜೆಸ್ ಮತ್ತು ಸಂಗಡಿಗರು ಒಂದು ಮುಖ್ಯ ವಿಷಯ ತೋರಿಸಿದ್ದರು. ತಂದೆಗೆ ಕುಡಿತದ ಚಟ ಇರುವ, ತಾವಿನ್ನೂ ಕುಡಿತಕ್ಕೆ ಬೀಳದ ಹುಡುಗರಲ್ಲೇ ಪಿ-300 ಅನ್ನುವ ಮೆದುಳಿನ ಅಲೆ ಚಿಕ್ಕದಾಗಿತ್ತು. ಅಂದರೆ ಕೆಲವು ಗುರುತುಗಳು ಕುಡಿತಕ್ಕಿಂತ ಮುಂಚೆಯೇ ಇರಬಹುದು. ನಾನು ಇದನ್ನು ಹೇಳಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದ್ರೆ ನಾನು ಕೆಟ್ಟವನು ಅಂತಲ್ಲ" ಅಂದರು. ಅಲ್ಲವೇ ಅಲ್ಲ ಅಂದೆ. ಇಂಥ ಗುರುತು ಇರುವವರೆಲ್ಲ ಕುಡಿತಕ್ಕೆ ಬೀಳುವುದೂ ಇಲ್ಲ, ಬಿದ್ದವರು ಏಳಲಾಗದು ಅಂತಲೂ ಇಲ್ಲ ಅಂತ ವಿವರಿಸಿದೆ.

ತರಬೇತಿ ವಾರಕ್ಕೆ ಎರಡು ಸಲ, ಪ್ರತಿ ಸಲ ಅರ್ಧ ಗಂಟೆ. ಮೊದಲ ಹನ್ನೆರಡು ಸೆಷನ್ ಎಸ್‌ಎಂಆರ್ ಅಂತ ನಿರ್ಧರಿಸಿದೆ. ದೇಹ ಅಲುಗಾಡದೆ, ಮನಸ್ಸು ಎಚ್ಚರವಾಗಿರುವಾಗ ನೆತ್ತಿಯ ಭಾಗದಲ್ಲಿ ಬರುವ, ಸೆಕೆಂಡಿಗೆ 12ರಿಂದ 15 ಸಲ ಏರಿಳಿಯುವ ಅಲೆ ಅದು. ಲಾಸ್ ಏಂಜಲೀಸ್‌ನ ಬ್ಯಾರಿ ಸ್ಟರ್ಮನ್ 1960ರ ದಶಕದಲ್ಲಿ ಬೆಕ್ಕುಗಳಿಗೆ ಈ ಅಲೆ ಹೆಚ್ಚಿಸಲು ಕಲಿಸಿದ್ದರು. ಆಮೇಲೆ ಫಿಟ್ಸ್ ತರಿಸುವ ರಾಕೆಟ್ ಇಂಧನದ ಪರೀಕ್ಷೆಯಲ್ಲಿ ಅದೇ ಬೆಕ್ಕುಗಳು ಉಳಿದವಕ್ಕಿಂತ ಚೆನ್ನಾಗಿ ತಡೆದುಕೊಂಡವು. 1972ರಲ್ಲಿ ಅಪಸ್ಮಾರ ಇರುವ ವ್ಯಕ್ತಿಯೊಬ್ಬರ ಮೇಲೆ ಪ್ರಯತ್ನಿಸಿದ ವರದಿ ಬಂತು. ನನ್ನ ಮುಂದೆ ಕೂತಿದ್ದವರಿಗೆ ಒಮ್ಮೆ ಫಿಟ್ಸ್ ಬಂದಿತ್ತು. ನೇರವಾಗಿ ತೀಟಾ ಹೆಚ್ಚಿಸಲು ಹೋಗದೆ ಇಲ್ಲಿಂದ ಶುರು ಮಾಡುವುದು ಕ್ಷೇಮ ಅನ್ನಿಸಿತು.

ನಾಲ್ಕು ಸೆಷನ್ ಆದರೂ ಬೀಟಾ ಒಂದಿಷ್ಟೂ ಇಳಿಯಲಿಲ್ಲ. ಪರದೆಯ ಮೇಲಿನ ದೋಣಿ ಎರಡು ಹೆಜ್ಜೆ ಹೋಗುತ್ತಿತ್ತು, ನಿಂತುಬಿಡುತ್ತಿತ್ತು. ಅವರು ಇನ್ನಷ್ಟು ಬಿಗಿಯಾಗಿ ಪ್ರಯತ್ನ ಮಾಡುತ್ತಿದ್ದರು. ದೋಣಿ ಇನ್ನಷ್ಟು ನಿಲ್ಲುತ್ತಿತ್ತು. ಐದನೇ ಸೆಷನ್‌ನಲ್ಲಿ ಬೇಸತ್ತು ನಾನು ಪರದೆಯಿಂದ ಕಣ್ಣು ತೆಗೆದು ಅವರ ಮುಖ ನೋಡಿದೆ. ಕಿವಿಯ ಮುಂದೆ, ಕೆನ್ನೆ ಮೂಳೆಯ ಕೆಳಗೆ ಒಂದು ಮಾಂಸಖಂಡ ಉಂಡೆಯ ಹಾಗೆ ಎದ್ದು ನಿಂತಿತ್ತು. ಕಣತಲೆಯ ಹತ್ತಿರವೂ ಅದೇ ಬಿಗಿ. ಹಲ್ಲು ಕಚ್ಚಿಕೊಂಡಿದ್ದರು.

"ಬಾಯಿ ಸ್ವಲ್ಪ ಬಿಡಿ. ನಾಲಿಗೆ ಕೆಳಗೆ ಬೀಳಲಿ. ಹಲ್ಲಿಗೆ ಹಲ್ಲು ತಾಗೋದು ಬೇಡ" ಅಂದೆ.

ಮೂರು ನಾಲ್ಕು ಸೆಕೆಂಡಿನಲ್ಲಿ ವೇಗದ ಬೀಟಾದ ಪಟ್ಟಿ ಅರ್ಧಕ್ಕೆ ಇಳಿಯಿತು. ದೋಣಿ ಸರಾಗವಾಗಿ ಹೊರಟಿತು. ಮತ್ತೆ ಕಚ್ಚಲು ಹೇಳಿದೆ, ಪಟ್ಟಿ ಜಿಗಿಯಿತು. ಬಿಡಲು ಹೇಳಿದೆ, ಇಳಿಯಿತು.

ಮಾಂಸಖಂಡ ಬಿಗಿಯಾದಾಗ ಹುಟ್ಟುವ ವಿದ್ಯುತ್ತು ಇಇಜಿಯಲ್ಲಿ ವೇಗದ ಬೀಟಾದ ಜಾಗದಲ್ಲೇ ಬಂದು ಕೂರುತ್ತದೆ. ಮೆದುಳಿನಿಂದ ಬರುವುದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಬರುತ್ತದೆ. ಓದುವಾಗಲೇ ಕಲಿತ ಪಾಠ ಇದು. ಆದರೂ ವ್ಯಸನ ಅಂದರೆ ಬೀಟಾ ಜಾಸ್ತಿ ಅಂತ ತಲೆಯಲ್ಲಿ ಕೂತಿತ್ತಲ್ಲ, ಹಾಗಾಗಿ ಮುಖ ನೋಡಲಿಲ್ಲ. ನಾಲ್ಕು ಸೆಷನ್ ಅವರ ಸಮಯ ನನ್ನಿಂದ ವ್ಯರ್ಥವಾಯಿತು. ಮೊದಲ ಇಇಜಿಯನ್ನು ಮತ್ತೆ ತೆಗೆದೆ, ಈ ಸಲ ದವಡೆ ಸಡಿಲ ಬಿಡಿಸಿ. ಬೀಟಾ ಆಗಲೂ ಸ್ವಲ್ಪ ಜಾಸ್ತಿ ಇತ್ತು, ಆದರೆ ಮೊದಲು ಕಂಡ ಹಾಗೆ ಇರಲಿಲ್ಲ.

ಅವರಿಗೆ ಮಾತ್ರ ಆ ದಿನ ಏನೋ ಸಿಕ್ಕಿತ್ತು. ಎದ್ದು ಹೊರಡುವಾಗ ಕೆನ್ನೆ ಉಜ್ಜಿಕೊಳ್ಳುತ್ತಾ "ಮೇಡಂ, ಪಾಳಿ ಮುಗಿಸಿ ಗಾಡಿ ಹತ್ತೋವಾಗ ಇಲ್ಲಿ ನೋವಿರುತ್ತೆ. ದಿನಾ. ಯಾವತ್ತೂ ಯೋಚನೆ ಮಾಡಿರ್ಲಿಲ್ಲ" ಅಂದರು.

ಮುಂದಿನ ವಾರ ಒಂದು ಚಿಕ್ಕ ನೋಟ್‌ಬುಕ್ ತಂದರು. ಹಲ್ಲು ಕಚ್ಚಿದ್ದು ಗೊತ್ತಾದಾಗಲೆಲ್ಲ ಸಮಯ ಬರೆದಿದ್ದರು. ಪಕ್ಕದಲ್ಲಿ ಕುಡಿಯಬೇಕು ಅನ್ನಿಸಿದ ಸಮಯ. ಐದಾರು ದಿನದ ಪಟ್ಟಿಯಲ್ಲಿ ಹೆಚ್ಚಿನ ಕಡೆ ದವಡೆ ಮೊದಲು, ಹಂಬಲ ಆಮೇಲೆ. ನಡುವೆ ಇಪ್ಪತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. 'ಏನೂ ಅನ್ನಿಸಲ್ಲ' ಅನ್ನುತ್ತಿದ್ದ ಮನುಷ್ಯನಿಗೆ ಇಪ್ಪತ್ತು ನಿಮಿಷ ಮುಂಚೆ ಸುಳಿವು ಸಿಗುವುದು ಎಷ್ಟು ದೊಡ್ಡದು ಅಂತ ಈ ಕೆಲಸ ಮಾಡುವವರಿಗೆ ಗೊತ್ತು. ಇಪ್ಪತ್ತು ನಿಮಿಷದಲ್ಲಿ ಒಂದು ಫೋನ್ ಮಾಡಬಹುದು. ಬೇರೆ ದಾರಿಯಲ್ಲಿ ಮನೆಗೆ ಹೋಗಬಹುದು. ಏನಾದರೂ ತಿನ್ನಬಹುದು.

ಎರಡನೇ ತಪ್ಪು: ನಿದ್ದೆ

ಹದಿಮೂರನೇ ಸೆಷನ್‌ನಿಂದ ಆಲ್ಫಾ-ತೀಟಾ ತರಬೇತಿಗೆ ಬಂದೆವು. ಕುರ್ಚಿ ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ, ಹೆಡ್‌ಫೋನ್ ಹಾಕಿಕೊಂಡು ಕೂರುವುದು. ಸೆನ್ಸರ್ ತಲೆಯ ಹಿಂಭಾಗದ ಮೇಲ್ಗಡೆ. ಆಲ್ಫಾ ಹೆಚ್ಚಾದರೆ ಹರಿಯುವ ನೀರಿನ ಸದ್ದು, ತೀಟಾ ಹೆಚ್ಚಾದರೆ ಗಂಭೀರವಾದ ಇನ್ನೊಂದು ಸದ್ದು. ನಿದ್ದೆಗೂ ಎಚ್ಚರಕ್ಕೂ ನಡುವಿನ ಆ ತೆಳುವಾದ ಜಾಗದಲ್ಲಿ ಕೆಲಹೊತ್ತು ನಿಲ್ಲುವುದನ್ನು ಕಲಿಯಬೇಕು. ತೀಟಾ ಆಲ್ಫಾವನ್ನು ದಾಟಿ ಮೇಲೇರುವ ಗಳಿಗೆಯನ್ನು ಈ ತರಬೇತಿಯಲ್ಲಿ ಬಹಳ ಮುಖ್ಯ ಅಂತ ಪರಿಗಣಿಸುತ್ತಾರೆ.

ಮೊದಲ ಆರು ಸೆಷನ್‌ಗಳಲ್ಲಿ ಹಾಗೆ ದಾಟಿದ್ದು ಒಂದೆರಡು ಸಲ ಮಾತ್ರ. ಹತ್ತೊಂಬತ್ತನೆಯದರಲ್ಲಿ ಕೂತ ಐದೇ ನಿಮಿಷಕ್ಕೆ ದಾಟಿತು. ಮತ್ತೆ ಮತ್ತೆ ದಾಟಿತು. ಗ್ರಾಫ್ ಪಾಠದ ಚಿತ್ರದಂತೆ ಕಾಣುತ್ತಿತ್ತು. ನನಗೆ ಖುಷಿಯಾಗಿ ಅದನ್ನು ಪ್ರಿಂಟ್ ತೆಗೆದು ಫೈಲ್‌ಗೆ ಸೇರಿಸಿದೆ. ಅವರಿಗೂ ತೋರಿಸಿ "ತುಂಬಾ ಚೆನ್ನಾಗಿ ಬರ್ತಿದೆ" ಅಂದೆ. ಅವರು ಕಣ್ಣುಜ್ಜಿಕೊಂಡು ನಕ್ಕರು.

ಮೂರು ದಿನಕ್ಕೆ ಅವರ ಹೆಂಡತಿ ಫೋನ್ ಮಾಡಿದರು. "ಇವರು ನಿನ್ನೆಯಿಂದ ಕುಡೀತಿದ್ದಾರೆ ಮೇಡಂ. ನಿಮಗೆ ಹೇಳಬೇಡ ಅಂತಿದ್ದಾರೆ."

ಎರಡು ದಿನ ಕುಡಿದಿದ್ದರು. ಮೂರನೇ ದಿನ ಮನೋವೈದ್ಯರ ಹತ್ತಿರ ಬಂದರು. ವಿತ್‌ಡ್ರಾವಲ್, ಅಂದರೆ ಕುಡಿತ ನಿಲ್ಲಿಸಿದಾಗ ಬರುವ ತೊಂದರೆ, ಏನೂ ಜೋರಾಗಿ ಇರಲಿಲ್ಲ, ಪುಣ್ಯಕ್ಕೆ. ಆಮೇಲೆ ನನ್ನ ಮುಂದೆ ಕೂತು ನೆಲ ನೋಡುತ್ತಾ "ಎಲ್ಲ ಹೋಯ್ತು ಮೇಡಂ. ಎರಡು ತಿಂಗಳು ದುಡಿದದ್ದು ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ನನ್ನ ತಲೆಗೆ ಆ ಮಷೀನ್ ಹಿಡಿಯಲ್ಲ" ಅಂದರು.

ಈ 'ಎಲ್ಲ ಹೋಯ್ತು' ಅನ್ನುವ ಮಾತಿಗೇ ನಾನು ಹೆದರುವುದು. ಅಲನ್ ಮಾರ್ಲಟ್ ಅನ್ನುವ ಮನಶ್ಶಾಸ್ತ್ರಜ್ಞರು ಎಷ್ಟೋ ವರ್ಷದ ಹಿಂದೆಯೇ ಗುರುತಿಸಿದ್ದರು. ಒಂದು ಸಲ ಜಾರಿದ್ದರಿಂದ ಆಗುವ ಹಾನಿ ಒಂದು ಪಾಲು. ಜಾರಿದ ಮೇಲೆ ತನ್ನನ್ನು ತಾನು ಹಳಿದುಕೊಂಡು, ಹೇಗೂ ಹೋಯ್ತಲ್ಲ ಅಂತ ಮತ್ತೆ ಪೂರ್ತಿ ಕುಡಿತಕ್ಕೆ ಇಳಿಯುವುದು ಇನ್ನೊಂದು ಪಾಲು. ಆ ಎರಡನೆಯದನ್ನು ತಡೆಯಬೇಕು. ಅವರನ್ನು ಅಂದು ಯಾವ ಮಷೀನಿಗೂ ಕೂರಿಸಲಿಲ್ಲ. ಒಂದು ಹಾಳೆ ತೆಗೆದುಕೊಂಡು, ಕುಡಿದ ಗಳಿಗೆಯಿಂದ ಹಿಂದಕ್ಕೆ ಗಂಟೆ ಗಂಟೆಯಾಗಿ ಬರೆಯುತ್ತಾ ಹೋದೆವು.

ಮೊದಲು ಕುಡಿದದ್ದು ಬೆಳಿಗ್ಗೆ ಏಳೂವರೆಗೆ. ಅದಕ್ಕೆ ಮುಂಚೆ ರಾತ್ರಿ ಪಾಳಿ. ಅದರ ಹಿಂದಿನ ಹಗಲು ಮಲಗಿದ್ದು ಎರಡು ಗಂಟೆ. ಅದರ ಹಿಂದೆ ಇನ್ನೊಂದು ರಾತ್ರಿ ಪಾಳಿ, ರಜೆ ಹಾಕಿದ್ದ ಸಹೋದ್ಯೋಗಿಯ ಕೆಲಸವೂ ಸೇರಿ. ಹೀಗೆ ಹಿಂದೆ ಹಿಂದೆ ಹೋದರೆ ಒಂದು ವಾರದಿಂದ ಅವರು ಸರಿಯಾಗಿ ನಿದ್ದೆಯನ್ನೇ ಮಾಡಿರಲಿಲ್ಲ. ನಾನು ಕೊಟ್ಟಿದ್ದ ನಿದ್ದೆಯ ಹಾಳೆ ತೆಗೆದು ನೋಡಿದೆ. ಕೊನೆಯ ಆರು ದಿನದ ಕಾಲಂ ಖಾಲಿ. ಹತ್ತೊಂಬತ್ತನೇ ಸೆಷನ್ ದಿನವೂ ಆ ಹಾಳೆ ನನ್ನ ಮೇಜಿನ ಮೇಲೇ ಇತ್ತು. ನಾನು ನೋಡಿದ್ದು ಗ್ರಾಫ್.

ಆ ಸೆಷನ್‌ನ ರೆಕಾರ್ಡಿಂಗ್ ಅನ್ನು ರಾತ್ರಿ ಕೂತು ಮತ್ತೆ ಸಾಲು ಸಾಲಾಗಿ ನೋಡಿದೆ. ಆಲ್ಫಾ ಪೂರ್ತಿ ಕರಗಿಹೋಗಿತ್ತು. ತೀಟಾ ಜೊತೆ ಅದಕ್ಕಿಂತ ನಿಧಾನದ ಡೆಲ್ಟಾ ಕೂಡ ಏರಿತ್ತು. ನಿದ್ದೆಗೆಟ್ಟ ಮನುಷ್ಯ ಕಣ್ಣು ಮುಚ್ಚಿದರೆ ಮೆದುಳು ಹೀಗೇ ಕಾಣುತ್ತದೆ. ಅವರು ನನ್ನ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಅಷ್ಟೇ ಆಗಿದ್ದದ್ದು. ಅವರ ಬಳಲಿಕೆಯನ್ನು ನಾನು ಪ್ರಗತಿ ಅಂತ ಓದಿ, ಪ್ರಿಂಟ್ ತೆಗೆದು, ಶಭಾಷ್ ಬೇರೆ ಹೇಳಿದ್ದೆ. ಆ ಪ್ರಿಂಟ್ ಈಗಲೂ ಫೈಲ್‌ನಲ್ಲಿದೆ. ತೆಗೆದು ಬಿಸಾಡಿಲ್ಲ. ಅದರ ಮೇಲೆ ಕೆಂಪು ಪೆನ್‌ನಿಂದ 'ನಿದ್ದೆ' ಅಂತ ಬರೆದಿಟ್ಟಿದ್ದೇನೆ.

ಮುಂದಿನ ಸಲ ಬಂದಾಗ ಇದನ್ನು ಅವರಿಗೆ ಮುಚ್ಚಿಡದೆ ಹೇಳಿದೆ. ಮಷೀನ್ ನಿಮಗೆ ಹಿಡಿಯಲಿಲ್ಲ ಅಂತಲ್ಲ, ಅದು ತೋರಿಸಿದ್ದನ್ನು ನಾನು ತಪ್ಪಾಗಿ ಓದಿದೆ ಅಂದೆ. ಅವರು ಮೊದಲ ಸಲ ತಲೆಯೆತ್ತಿ ನೋಡಿದರು.

ಆಮೇಲೆ ಬದಲಿಸಿದ್ದು

ಮೊದಲು ಪಾಳಿ. ಮನೋವೈದ್ಯರು ಪತ್ರ ಬರೆದುಕೊಟ್ಟರು. ಒಂದು ತಿಂಗಳು ಓಡಾಡಿದ ಮೇಲೆ ಹಗಲು ಪಾಳಿ ಮಾತ್ರ ಸಿಕ್ಕಿತು. ಸಂಬಳ ಸ್ವಲ್ಪ ಕಡಿಮೆಯಾಯಿತು. ಮನೆಯಲ್ಲಿ ಗಂಡ ಹೆಂಡತಿ ಕೂತು ಲೆಕ್ಕ ಹಾಕಿ ಒಪ್ಪಿಕೊಂಡರು.

ನನ್ನ ಕೋಣೆಯಲ್ಲಿ ಒಂದು ಕ್ರಮ ಬಂತು. ನಿದ್ದೆಯ ಹಾಳೆ, ಹಂಬಲದ ಅಂಕ, ಕುಡಿದಿದ್ದರೆ ಎಷ್ಟು, ಇವು ಮೂರೂ ನೋಡುವವರೆಗೆ ಕಂಪ್ಯೂಟರ್ ಆನ್ ಮಾಡುವುದಿಲ್ಲ. ಹಿಂದಿನ ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆಯಾಗಿದ್ದರೆ ಆ ದಿನ ಆಲ್ಫಾ-ತೀಟಾ ಇಲ್ಲ. ಡೆಲ್ಟಾ ಏರಿದರೆ ಶಬ್ದ ತಾನಾಗಿ ನಿಲ್ಲುವ ಹಾಗೆ ಹೊಂದಿಸಿದೆ. ಅವರು ತಾವೇ ಒಪ್ಪಿ ಆಗಾಗ ಮೂತ್ರ ಪರೀಕ್ಷೆ ಮಾಡಿಸುತ್ತಿದ್ದರು. ಈಥೈಲ್ ಗ್ಲುಕುರೊನೈಡ್ ಅನ್ನುವ ಅಂಶ, ಕುಡಿದ ಎರಡು ಮೂರು ದಿನದವರೆಗೂ ಮೂತ್ರದಲ್ಲಿ ಸಿಗುತ್ತದೆ. ಹಿಡಿದು ಹಾಕಲಿಕ್ಕೆ ಮಾಡಿಸಿದ್ದಲ್ಲ ಅದು. ಪರದೆ ಹೇಳುವುದೂ ಬದುಕು ಹೇಳುವುದೂ ಒಂದೇನಾ ಅಂತ ನೋಡಲಿಕ್ಕೆ.

ಇನ್ನೊಂದು ಬದಲಾವಣೆ ಕಮಿಯಾ ಅವರ ಊಹೆಯ ಆಟದಿಂದ ಬಂತು. ಪ್ರತಿ ಸೆಷನ್‌ನ ಕೊನೆಯ ಹತ್ತು ನಿಮಿಷ ಪರದೆ, ಶಬ್ದ ಎರಡೂ ಬಂದ್. ನಾನು ಮೇಜಿನ ಮೇಲೆ ಬೆರಳಿಂದ ತಟ್ಟುತ್ತೇನೆ. ಅವರು "ಬಿಗಿ" ಅಥವಾ "ಸಡಿಲ" ಅನ್ನಬೇಕು. ನಾನು ರೆಕಾರ್ಡಿಂಗ್ ನೋಡಿ ಸರಿ, ತಪ್ಪು ಅನ್ನುತ್ತೇನೆ. ಮೊದಲ ವಾರ ಹತ್ತಕ್ಕೆ ಐದು ಸರಿ, ಅಂದರೆ ನಾಣ್ಯ ಚಿಮ್ಮಿದ ಹಾಗೆ. ಆರನೇ ವಾರದ ಹೊತ್ತಿಗೆ ಹತ್ತಕ್ಕೆ ಎಂಟು. ಕುಡಿಯಬೇಕು ಅನ್ನಿಸುವ ಸನ್ನಿವೇಶವನ್ನು ನೆನೆಸಿಕೊಳ್ಳಲು ಹೇಳಿ ಇದೇ ಆಟ ಆಡಿದೆವು. ಆಗ ಅಂಕ ಬಿತ್ತು, ಮತ್ತೆ ನಿಧಾನಕ್ಕೆ ಏರಿತು. ನನ್ನ ಮಟ್ಟಿಗೆ ಇಡೀ ತರಬೇತಿಯ ತಿರುಳು ಈ ಹತ್ತು ನಿಮಿಷವೇ. ಪಾಳಿ ಮುಗಿಸಿ ಗಾಡಿ ಹತ್ತುವಾಗ ಯಾರ ತಲೆಯ ಮೇಲೂ ಸೆನ್ಸರ್ ಇರುವುದಿಲ್ಲ ಅಲ್ವಾ?

ಇಪ್ಪತ್ತಾರನೇ ಸೆಷನ್‌ನಲ್ಲಿ ಕಣ್ಣು ಮುಚ್ಚಿದ್ದವರ ಕೆನ್ನೆಯ ಮೇಲೆ ನೀರು ಇಳಿಯಿತು. ತಂದೆ ಬಾಗಿಲು ಬಡಿಯುತ್ತಿದ್ದ ಸದ್ದು ಕೇಳಿಸಿತಂತೆ, ಬಾಗಿಲ ಹಿಂದೆ ತಾನು ನಿಂತಿದ್ದು ಕಂಡಿತಂತೆ. ಆಲ್ಫಾ-ತೀಟಾದಲ್ಲಿ ಹೀಗೆ ಹಳೆಯ ನೋವು ಮೇಲೆ ಬರುವುದುಂಟು. ಶಬ್ದ ನಿಲ್ಲಿಸಿದೆ. ಕಣ್ಣು ಬಿಡಿಸಿ, ಕಾಲು ನೆಲಕ್ಕೆ ಊರಿಸಿ, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳಿಸಿದೆ. ಅವರು ನಿರಾಳವಾಗಿ ಉಸಿರಾಡುವವರೆಗೆ, ಸುಮಾರು ಮುಕ್ಕಾಲು ಗಂಟೆ, ಕಳಿಸಲಿಲ್ಲ. ಹೆಂಡತಿ ಬಂದು ಕರೆದುಕೊಂಡು ಹೋದರು. ಮುಂದಿನ ಮೂರು ವಾರ ಆ ನೆನಪಿನ ಮೇಲೆ ಮಾತಿನ ಚಿಕಿತ್ಸೆ ಮಾತ್ರ ನಡೆಯಿತು. ಮನೆಯಲ್ಲೇ ತಲೆಗೆ ಹಾಕಿಕೊಳ್ಳುವ ಸೆನ್ಸರ್ ಪಟ್ಟಿಗಳನ್ನು ಕೊಂಡು, ಯಾರ ಸಹಾಯವೂ ಇಲ್ಲದೆ ವ್ಯಸನಕ್ಕೆ ಚಿಕಿತ್ಸೆ ಮಾಡಿಕೊಳ್ಳುವವರ ಬಗ್ಗೆ ನನಗೆ ಆತಂಕ ಇರುವುದು ಇಂಥ ಗಳಿಗೆಗಳಿಂದಲೇ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬ ಮನುಷ್ಯ ಇರಲೇಬೇಕು.

ಹದಿನಾಲ್ಕನೇ ತಿಂಗಳು

ಒಟ್ಟು 34 ಸೆಷನ್ ಆದವು. ಎಂಟನೇ ತಿಂಗಳಲ್ಲಿ ಇನ್ನೊಂದು ಸಲ ಜಾರಿದರು, ಒಂದು ರಾತ್ರಿ. ಮಾರನೆಯ ಬೆಳಿಗ್ಗೆ ಈ ಸಲ ಅವರೇ ಫೋನ್ ಮಾಡಿದರು. ಅದು ಬಿಟ್ಟರೆ ಕುಡಿದಿಲ್ಲ. ಅವರ ಮಾತು, ಹೆಂಡತಿಯ ಮಾತು, ಮೂತ್ರ ಪರೀಕ್ಷೆ ಮೂರೂ ಒಂದೇ ಹೇಳುತ್ತವೆ. ಜಿಜಿಟಿ ಸಾಮಾನ್ಯ ಮಟ್ಟಕ್ಕೆ ಬಂದಿದೆ. ಅಕಾಂಪ್ರೊಸೇಟ್ ಅನ್ನು ವೈದ್ಯರು ಒಂದು ವರ್ಷಕ್ಕೆ ನಿಲ್ಲಿಸಿದರು. ಗುಂಪು ಸಭೆಗೆ ಈಗಲೂ ಹೋಗುತ್ತಾರೆ.

ಇದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಒಂದೇ ಪ್ರಕರಣದಿಂದ ಬಿಡಿಸಿ ಹೇಳಲಾಗದು. ನನ್ನ ಅಂದಾಜು ಕೇಳಿದರೆ, ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿದ್ದು ಹಗಲು ಪಾಳಿ ಮತ್ತು ಅದರಿಂದ ಬಂದ ನಿದ್ದೆ. ಆಮೇಲೆ ಔಷಧಿ ಮತ್ತು ಮನೆಯವರ ಬೆಂಬಲ. ನ್ಯೂರೋಫೀಡ್‌ಬ್ಯಾಕ್ ಕೊಟ್ಟದ್ದು ಆ ಇಪ್ಪತ್ತು ನಿಮಿಷದ ಸುಳಿವು. ಆ ಸುಳಿವು ಕೊಡಲು ಮಷೀನೇ ಬೇಕಿತ್ತಾ, ಯಾರಾದರೂ ಮೊದಲ ದಿನವೇ ಅವರ ಮುಖ ಸರಿಯಾಗಿ ನೋಡಿದ್ದರೆ ಸಾಕಿತ್ತಾ ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆದರೆ ಹೇಳಿದ್ದನ್ನು ಅವರು ನಂಬಿದ್ದು ಕಣ್ಣೆದುರು ದೋಣಿ ಹೊರಟಾಗ. ಅದನ್ನೂ ಅಲ್ಲಗಳೆಯಲಾರೆ.

ಕೊನೆಯ ಭೇಟಿಯಲ್ಲಿ ಇಇಜಿ ಮತ್ತೆ ತೆಗೆದೆವು. ದವಡೆ ಸಡಿಲ, ಹಿಂದಿನ ರಾತ್ರಿ ಏಳು ಗಂಟೆ ನಿದ್ದೆ. ಆಲ್ಫಾ ಸ್ವಲ್ಪ ಚೆನ್ನಾಗಿತ್ತು. ಬೀಟಾ, ಐದನೇ ಸೆಷನ್ ಆದ ಮೇಲೆ ತೆಗೆದಿದ್ದಕ್ಕೆ ಹೋಲಿಸಿದರೆ, ಹೆಚ್ಚುಕಡಿಮೆ ಅಷ್ಟೇ ಇತ್ತು. ಎರಡೂ ಹಾಳೆಯನ್ನು ಪಕ್ಕಪಕ್ಕ ಇಟ್ಟು ಅವರಿಗೆ ತೋರಿಸಿದೆ.

"ಅಂದ್ರೆ ತಲೆ ಒಳಗೆ ಏನೂ ಬದಲಾಗಿಲ್ವಾ?" ಅಂದರು.

"ಈ ಅಳತೆಯಲ್ಲಿ ಅಷ್ಟೇನೂ ಇಲ್ಲ" ಅಂದೆ.

ಅವರು ಹಾಳೆಗಳನ್ನು ಸ್ವಲ್ಪ ಹೊತ್ತು ನೋಡಿದರು. ಬೇಜಾರಾದ ಹಾಗೆ ಕಾಣಲಿಲ್ಲ. ಜೇಬಿನಿಂದ ಆ ಚಿಕ್ಕ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಇಟ್ಟರು. ಅದು ನಾಲ್ಕನೆಯದು, ಅಂಚು ಸವೆದಿತ್ತು. ಕೊನೆಯ ಪುಟದಲ್ಲಿ ಅವತ್ತಿನ ತಾರೀಖು, ಬೆಳಿಗ್ಗೆ ಒಂಬತ್ತೂ ಹತ್ತು, ಪಕ್ಕದಲ್ಲಿ 'ದವಡೆ'. ಅದರ ಮುಂದಿನ ಕಾಲಂ ಖಾಲಿ ಇತ್ತು.